ಮೇಲ್ಪಂಕ್ತಿ

ಚಿಕ್ಕ ಮಕ್ಕಳ ಕಾಪಿ ಪುಸ್ತಕ ನೋಡಿದವರಿಗೆಲ್ಲ ಗೊತ್ತಿರುವ ವಿಷಯ ಇದು. ಪುಟದ ತಲೆಯಲ್ಲಿ ಉಪಾಧ್ಯಾಯರು ಒಂದು ಸಾಲನ್ನು ದುಂಡಗೆ ಬರೆದುಕೊಡುತ್ತಾರೆ. ಅದು ಮೇಲ್ಪಂಕ್ತಿ. ಅದನ್ನು ನೋಡಿಕೊಂಡು ಮಗು ಕೆಳಗಿನ ಸಾಲುಗಳನ್ನೆಲ್ಲ ತುಂಬಬೇಕು. ಮೊದಲನೆಯ ಸಾಲು ಅಚ್ಚುಕಟ್ಟಾಗಿಯೇ ಬರುತ್ತದೆ. ಎರಡನೆಯದೂ ಪರವಾಗಿಲ್ಲ. ಮೂರನೆಯದಕ್ಕೆ ಬರುವಷ್ಟರಲ್ಲಿ ಮಗು ಮೇಲೆ ನೋಡುವುದನ್ನು ಬಿಟ್ಟು, ಆಗತಾನೆ ತಾನೇ ಬರೆದ ಸಾಲನ್ನು ನೋಡಿ ಬರೆಯತೊಡಗುತ್ತದೆ. ಅದರಲ್ಲೊಂದು ಒತ್ತಕ್ಷರ ತಪ್ಪಿದ್ದರೆ ಪುಟದ ಕೊನೆಯವರೆಗೂ ಅದೇ ತಪ್ಪು. ದೊಡ್ಡವರಾದ ಮೇಲೆ ‘ಅವರ ಜೀವನ ನಮಗೆಲ್ಲ ಮೇಲ್ಪಂಕ್ತಿ’ ಎಂದು ವೇದಿಕೆಯ ಮೇಲೆ ಹೇಳುವಾಗ ಯಾರಿಗೂ ಆ ಕಾಪಿ ಪುಸ್ತಕ ನೆನಪಾಗುವುದಿಲ್ಲ.

ಇದೇ ಅರ್ಥದಲ್ಲಿ ನಾವು ಬಳಸುವ ಇನ್ನೊಂದು ಮಾತು ‘ಆದರ್ಶ’. ಸಂಸ್ಕೃತದಲ್ಲಿ ಆದರ್ಶವೆಂದರೆ ಕನ್ನಡಿ. ಕನ್ನಡಿಯ ಮುಂದೆ ನಿಂತರೆ ಕಾಣುವುದು ನಮ್ಮದೇ ಮುಖ. ಹಣೆಯ ಕುಂಕುಮ ಓರೆಯಾಗಿದ್ದರೆ ನಾವೇ ಸರಿಮಾಡಿಕೊಳ್ಳಬೇಕು. ಮೇಲ್ಪಂಕ್ತಿಯಾದರೋ ನೋಡಿ ನಕಲು ಮಾಡಲು ಇರುವಂಥದ್ದು. ಇವೆರಡೂ ಬೇರೆ ಬೇರೆ ವಸ್ತುಗಳು, ಬೇರೆ ಬೇರೆ ಕೆಲಸಗಳು. ಆದರೂ ದೊಡ್ಡವರ ಬದುಕಿನ ಮಾತು ಬಂದಾಗ ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಿಬಿಡುತ್ತೇವೆ. ಯಾರ ಬದುಕನ್ನಾದರೂ ಕನ್ನಡಿಯಾಗಿ ಇಟ್ಟುಕೊಳ್ಳಬಹುದು. ಆದರೆ ಮೇಲ್ಪಂಕ್ತಿಯಾಗಿ ಇಟ್ಟುಕೊಳ್ಳುವುದು ಅಷ್ಟು ಸುಲಭವೇ? ಅದರಲ್ಲೂ ಆ ಬದುಕು ನಮ್ಮ ಮತಕ್ಕೆ ಸೇರಿದ್ದಲ್ಲವಾದರೆ?

ಈ ಪ್ರಶ್ನೆ ನಮ್ಮ ಬಡಾವಣೆಯ ಮಹಿಳಾ ಸಮಾಜದಲ್ಲಿ ಎದ್ದಿತು. ಜಯನಗರ, ಜೆ.ಪಿ. ನಗರ, ಬನಶಂಕರಿ ಕಡೆಯ ಮೂವತ್ತು ನಲವತ್ತು ಜನ ಸೇರುವ ಸಣ್ಣ ಸಮಾಜ ಅದು. ಮಾರ್ಚ್ ತಿಂಗಳ ಮಹಿಳಾ ದಿನಕ್ಕೆ ಪ್ರತಿವರ್ಷ ಒಬ್ಬೊಬ್ಬ ಸಾಧಕಿಯ ಬಗ್ಗೆ ಯಾರಾದರೂ ಮಾತನಾಡುವುದು ವಾಡಿಕೆ. ಆ ವರ್ಷ ನನ್ನ ಪಾಳಿ. ಪಂಡಿತಾ ರಮಾಬಾಯಿಯವರ ಬಗ್ಗೆ ಹೇಳುತ್ತೇನೆ ಎಂದೆ. ಸದಸ್ಯರಲ್ಲೊಬ್ಬರು, ಬಹಳ ಸಜ್ಜನರು, ರಾಗಿಗುಡ್ಡದ ಹನುಮಜ್ಜಯಂತಿಯಲ್ಲಿ ವಾರಗಟ್ಟಲೆ ಸೇವೆ ಮಾಡುವವರು, “ಆಕೆ ಮತ ಬಿಟ್ಟವರಲ್ಲವೇನ್ರೀ? ಒಳ್ಳೆಯ ಕೆಲಸ ಮಾಡಿರಬಹುದು, ಇಲ್ಲ ಅನ್ನೋದಿಲ್ಲ. ಆದರೆ ನಮ್ಮ ಹೆಣ್ಣುಮಕ್ಕಳಿಗೆ ಆದರ್ಶ ಅಂತ ಹೇಗೆ ಹೇಳೋದು?” ಎಂದರು. ಅವರ ಪಕ್ಕದಲ್ಲೇ ನಿವೃತ್ತ ನರ್ಸ್ ಒಬ್ಬರು ಕೂತಿದ್ದರು, ಕ್ರೈಸ್ತರು. ಅವರು ತಮ್ಮ ಮೆಲುದನಿಯಲ್ಲಿ, “ಹೇಳಿ ಟೀಚರ್. ಆದರೆ ಕ್ರಿಸ್ತನ ವಿಷಯ ಬಿಟ್ಟು ಬರೀ ಸಮಾಜಸೇವೆ ಅಂತ ಹೇಳಬೇಡಿ. ಹಾಗೆ ಹೇಳಿದರೆ ಅದು ಅವರ ಜೀವನವೇ ಅಲ್ಲ” ಎಂದರು. ನನಗೆ ಇಬ್ಬರ ಮಾತಿನಲ್ಲೂ ಹುರುಳು ಕಂಡಿತು. ಒಬ್ಬರು ಮತಾಂತರ ಇರುವುದರಿಂದ ಆ ಬದುಕು ಬೇಡವೆನ್ನುತ್ತಿದ್ದರು. ಇನ್ನೊಬ್ಬರು ಅದಿಲ್ಲದೆ ಆ ಬದುಕೇ ಇಲ್ಲವೆನ್ನುತ್ತಿದ್ದರು. ಬೇರೆ ಊರುಗಳ ಸಭೆಗಳಲ್ಲಿ ಸಾಮಾನ್ಯವಾಗಿ ಮಾಡುವ ಹಾಗೆ ಅವರನ್ನು ‘ಸ್ತ್ರೀಶಿಕ್ಷಣದ ಹರಿಕಾರರು’ ಎಂದು ಕರೆದು, 1989ರಲ್ಲಿ ಭಾರತ ಸರ್ಕಾರ ಅವರ ಹೆಸರಿನಲ್ಲಿ ಅಂಚೆಚೀಟಿ ತಂದಿತೆಂದು ಹೇಳಿ, ನಡುವಿನದನ್ನೆಲ್ಲ ಹಾರಿಸಿ ಮುಗಿಸಬಹುದಾಗಿತ್ತು. ಅದು ನನ್ನಿಂದಾಗಲಿಲ್ಲ.

ರಮಾಬಾಯಿಯವರನ್ನು ಮಹಾರಾಷ್ಟ್ರದವರೆಂದೇ ನಾವೆಲ್ಲ ತಿಳಿದಿದ್ದೇವೆ. ಹುಟ್ಟಿದ್ದು ನಮ್ಮ ಘಟ್ಟದಲ್ಲಿ. ತುಂಗಾ, ಭದ್ರಾ, ನೇತ್ರಾವತಿ ನದಿಗಳು ಹುಟ್ಟುವ ಕುದುರೆಮುಖ ಸೀಮೆಯ ಗಂಗಾಮೂಲದ ಕಾಡಿನಲ್ಲಿ, 1858ರ ಏಪ್ರಿಲ್ 23ರಂದು. ತಂದೆ ಅನಂತಶಾಸ್ತ್ರಿ ಡೋಂಗ್ರೆ ಕಾರ್ಕಳ ಕಡೆಯ ಮಾಳದವರು, ಚಿತ್ಪಾವನ ಬ್ರಾಹ್ಮಣರು. ಓದುವುದಕ್ಕೆಂದು ಪುಣೆಗೆ ಹೋಗಿದ್ದಾಗ ಅವರ ಗುರುಗಳು ಎರಡನೆಯ ಬಾಜೀರಾಯ ಪೇಶ್ವೆಯ ಅರಮನೆಗೆ ಹೋಗಿ ರಾಣಿಗೆ ಸಂಸ್ಕೃತ ಹೇಳಿಕೊಡುತ್ತಿದ್ದರು. ಹೆಂಗಸೊಬ್ಬಳು ಶ್ಲೋಕ ಹೇಳುವುದನ್ನು ಕೇಳಿ ಹುಡುಗ ಬೆರಗಾದ. ಊರಿಗೆ ಬಂದು ತನ್ನ ಹೆಂಡತಿಗೂ ಕಲಿಸಬೇಕೆಂದು ಹಟ ಹಿಡಿದ. ಆಕೆಗೂ ಬೇಡ, ಮನೆಯವರಿಗೂ ಬೇಡ. ಆಕೆ ತೀರಿಕೊಂಡು ಎಷ್ಟೋ ಕಾಲದ ಮೇಲೆ ಯಾತ್ರೆಯ ದಾರಿಯಲ್ಲಿ ಗೋದಾವರಿಯ ತೀರದಲ್ಲಿ ಯಾರೋ ಯಾತ್ರಿಕ ತನ್ನ ಒಂಬತ್ತು ವರ್ಷದ ಮಗಳನ್ನು ಇವರಿಗೆ ಧಾರೆಯೆರೆದುಕೊಟ್ಟು ಮರುದಿನ ಮುಂದಕ್ಕೆ ಹೊರಟುಹೋದ. ಆ ಮಗುವೇ ಲಕ್ಷ್ಮಿ, ರಮಾಬಾಯಿಯ ತಾಯಿ. ಅನಂತಶಾಸ್ತ್ರಿಗಳು ಆಕೆಗೆ ಸಂಸ್ಕೃತ ಕಲಿಸಿದರು. ಸುದ್ದಿ ಹಬ್ಬಿತು. ಉಡುಪಿಯಲ್ಲಿ ವಿದ್ವಾಂಸರ ಸಭೆಯ ಮುಂದೆ ನಿಂತು, ಹೆಂಗಸರಿಗೆ ಸಂಸ್ಕೃತ ಕಲಿಸುವುದು ಶಾಸ್ತ್ರವಿರುದ್ಧವಲ್ಲವೆಂದು ಪ್ರಮಾಣ ಕೊಟ್ಟು ಗೆದ್ದುಬಂದರು. ಗೆದ್ದರೂ ಊರಲ್ಲಿರುವ ಮನಸ್ಸಾಗಲಿಲ್ಲ. ಹೆಂಡತಿಯನ್ನು ಕರೆದುಕೊಂಡು ಕಾಡಿಗೆ ಹೋಗಿ ಗುಡಿಸಲು ಕಟ್ಟಿದರು.

ನಾನು ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ಈ ಕಥೆಯಲ್ಲಿ ಮೊದಲು ಬದಲಾದ ಬದುಕು ರಮಾಬಾಯಿಯದಲ್ಲ, ಈ ಶಾಸ್ತ್ರಿಗಳದು. ಅವರು ಕೊನೆಯವರೆಗೂ ಪರಮ ನೈಷ್ಠಿಕರು. ಜಾತಿ, ಮಡಿ, ತೀರ್ಥಯಾತ್ರೆ ಒಂದನ್ನೂ ಬಿಟ್ಟವರಲ್ಲ. ಮಗಳಿಗೆ ಪುರಾಣಗಳನ್ನು ಕಲಿಸಿದರೂ ವೇದ ಕಲಿಸಲಿಲ್ಲ. ಅಲ್ಲಿಗೆ ಒಂದು ಗೆರೆ ಎಳೆದಿದ್ದರು. ಆದರೆ ಅರಮನೆಯಲ್ಲಿ ಕಂಡ ಒಂದು ದೃಶ್ಯ ಅವರ ಇಡೀ ಜೀವಮಾನವನ್ನು ತಿರುಗಿಸಿತು. ಅವರು ಪೇಶ್ವೆಯನ್ನು ನಕಲು ಮಾಡಲಿಲ್ಲವಷ್ಟೆ. ಕಂಡದ್ದರಲ್ಲಿ ಒಂದೇ ಒಂದನ್ನು ಎತ್ತಿಕೊಂಡು ಮನೆಗೆ ಬಂದರು.

ರಮಾ ಆರು ತಿಂಗಳ ಮಗುವಾಗಿದ್ದಾಗ ಕುಟುಂಬ ಮತ್ತೆ ಯಾತ್ರೆಗೆ ಹೊರಟಿತು. ಮಗುವನ್ನು ಬೆತ್ತದ ಪೆಟ್ಟಿಗೆಯಲ್ಲಿ ಮಲಗಿಸಿ ಆಳಿನ ತಲೆಯ ಮೇಲೆ ಹೊರಿಸಿ ಘಟ್ಟ ಇಳಿಸಿದರಂತೆ. ಅಲ್ಲಿಂದ ಹದಿನಾರು ಹದಿನೇಳು ವರ್ಷ ದೇವಸ್ಥಾನದಿಂದ ದೇವಸ್ಥಾನಕ್ಕೆ ಅಲೆದಾಟ. ಜಗಲಿಗಳಲ್ಲಿ ಪುರಾಣ ಹೇಳುವುದು, ಜನ ಕೊಟ್ಟದ್ದರಲ್ಲಿ ಜೀವಿಸುವುದು. ತಾಯಿಯೇ ಗುರು. ಭಾಗವತದ ಹದಿನೆಂಟು ಸಾವಿರ ಶ್ಲೋಕ ಹುಡುಗಿಗೆ ಬಾಯಿಪಾಠ. ಅಕ್ಕನ ಬಾಲ್ಯವಿವಾಹ ಕೆಟ್ಟುಹೋಗಿದ್ದರಿಂದ ಇವಳಿಗೆ ಚಿಕ್ಕಂದಿನಲ್ಲಿ ಮದುವೆಯನ್ನೂ ಮಾಡಲಿಲ್ಲ. 1870ರ ದಶಕದ ಬರ ಬಂತು. ಇದ್ದಬದ್ದ ಪಾತ್ರೆ, ಒಡವೆ ಮಾರಿ ದೇವರಿಗೆ ಸೇವೆ ಮಾಡಿಸಿದರು. ದೇವರು ಕಣ್ಣು ಬಿಡಲಿಲ್ಲ. ಕೂಲಿ ಮಾಡಲು ಬಾರದು, ಬೇಡಲು ನಾಚಿಕೆ. ಕಾಡಿನಲ್ಲಿ ಸೊಪ್ಪು ತಿಂದರು. ತಂದೆ ಹೋದರು. ರಾಯಚೂರಿಗೆ ಬರುವಷ್ಟರಲ್ಲಿ ತಾಯಿ ಹಾಸಿಗೆ ಹಿಡಿದಿದ್ದರು. ಏನಾದರೂ ತಿನ್ನಬೇಕೆಂದು ತಾಯಿ ಹಂಬಲಿಸಿದಾಗ ಮಗಳು ಪಕ್ಕದ ಮನೆಯ ಬಾಗಿಲಿಗೆ ಹೋಗಿ ನಿಂತಳು. ಬಾಯಿಂದ ಮಾತು ಹೊರಡಲಿಲ್ಲ, ಕಣ್ಣೀರು ಮಾತ್ರ ಬಂತು. ಆ ಮನೆಯಾಕೆ ಒಂದು ತುಂಡು ಸಜ್ಜೆ ರೊಟ್ಟಿ ಕೊಟ್ಟಳು. ತಾಯಿಗೆ ಅದನ್ನು ನುಂಗುವ ಶಕ್ತಿಯೂ ಉಳಿದಿರಲಿಲ್ಲ. ಸತ್ತ ಮೇಲೆ ಹೆಣ ಹೊರುವುದಕ್ಕೆ ನಾಲ್ಕು ಜನ ಸಿಗಲಿಲ್ಲ. ಇಬ್ಬರು ಬ್ರಾಹ್ಮಣರು ಮುಂದೆ ಬಂದರು, ಅಣ್ಣ ಮೂರನೆಯವನು, ನಾಲ್ಕನೆಯವಳು ರಮಾ. ಕುಳ್ಳಗಿದ್ದುದರಿಂದ ಹೆಗಲು ಎಟುಕದೆ ತಾಯಿಯನ್ನು ತಲೆಯ ಮೇಲೆ ಹೊತ್ತು ನಡೆದಳು. ಇದನ್ನು ಅವರೇ ಬರೆದಿದ್ದಾರೆ. ಮತಾಂತರದ ಪರ-ವಿರೋಧ ಮಾತನಾಡುವ ಯಾರೂ ಈ ಪುಟವನ್ನು ದಾಟಿ ಹೋಗಕೂಡದೆಂದು ನನ್ನ ಅಭಿಪ್ರಾಯ.

ಮುಂದಿನದು ಪ್ರಸಿದ್ಧವೇ ಆಗಿದೆ, ಬೇಗ ಹೇಳಿಬಿಡುತ್ತೇನೆ. ಅಣ್ಣ ತಂಗಿ ಕಾಲ್ನಡಿಗೆಯಲ್ಲೇ ಉತ್ತರ ಭಾರತವನ್ನೆಲ್ಲ ಸುತ್ತಿ 1878ರಲ್ಲಿ ಕಲ್ಕತ್ತಾ ಸೇರಿದರು. ಅಲ್ಲಿನ ವಿದ್ವಾಂಸರು ಆಕೆಗೆ ‘ಪಂಡಿತಾ’, ‘ಸರಸ್ವತಿ’ ಎಂಬ ಬಿರುದು ಕೊಟ್ಟರು. ವೇದ ಓದಿದ್ದೀರಾ ಎಂದು ಕೇಶವಚಂದ್ರ ಸೇನರು ಕೇಳಿದರು. ಹೆಂಗಸರಿಗೆ ಅಧಿಕಾರವಿಲ್ಲವೆಂದಾಗ ಪುಸ್ತಕವನ್ನೇ ಕೈಗೆ ಕೊಟ್ಟರು. ತಂದೆ ಎಳೆದಿದ್ದ ಗೆರೆ ಅಲ್ಲಿ ಅಳಿಸಿತು. 1880ರಲ್ಲಿ ಅಣ್ಣ ತೀರಿಕೊಂಡ. ಅದೇ ವರ್ಷ ಬ್ರಾಹ್ಮಣೇತರ ಬಂಗಾಳಿ ವಕೀಲ ಬಿಪಿನ್ ಬಿಹಾರಿ ಮೇಧಾವಿಯವರೊಂದಿಗೆ ಸಿವಿಲ್ ಮದುವೆ. 1881ರಲ್ಲಿ ಮಗಳು ಮನೋರಮಾ. 1882ರ ಫೆಬ್ರವರಿಯಲ್ಲಿ ಕಾಲರಾ ಗಂಡನನ್ನು ಕೊಂಡೊಯ್ದಿತು. ಇಪ್ಪತ್ನಾಲ್ಕು ತುಂಬುವ ಮೊದಲೇ ವಿಧವೆ, ಕಂಕುಳಲ್ಲಿ ಕೂಸು. ಪುಣೆಗೆ ಬಂದು ಆರ್ಯ ಮಹಿಳಾ ಸಮಾಜ ಕಟ್ಟಿದರು. ಹೆಣ್ಣುಮಕ್ಕಳಿಗೆ ಹೆಣ್ಣು ಶಿಕ್ಷಕಿಯರೂ ಹೆಣ್ಣು ವೈದ್ಯರೂ ಬೇಕೆಂದು ಹಂಟರ್ ಆಯೋಗದ ಮುಂದೆ ಸಾಕ್ಷ್ಯ ಹೇಳಿದರು. ನಮ್ಮಂಥ ಶಿಕ್ಷಕಿಯರ ಸಂಬಳದ ಚೀಟಿಯ ಹಿಂದೆ ಆ ಸಾಕ್ಷ್ಯವೂ ಒಂದು ಮೂಲೆಯಲ್ಲಿ ಇದೆ. ವೈದ್ಯಕೀಯ ಓದಬೇಕೆಂದು 1883ರಲ್ಲಿ ಇಂಗ್ಲೆಂಡಿಗೆ ಹೋದರು. ಕಿವಿ ಮಂದವಾಗಿದ್ದರಿಂದ ಆ ಆಸೆ ಕೈಗೂಡಲಿಲ್ಲ. ಅದೇ ವರ್ಷ ಸೆಪ್ಟೆಂಬರ್ 29ರಂದು ವಾಂಟೇಜ್ ಎಂಬ ಊರಿನಲ್ಲಿ ಮಗಳೊಂದಿಗೆ ದೀಕ್ಷಾಸ್ನಾನ ಪಡೆದರು.

ಏಕೆ ಪಡೆದರು? ಇಲ್ಲೇ ಎಲ್ಲರೂ ತಮತಮಗೆ ಬೇಕಾದ ಉತ್ತರ ತುಂಬುವುದು. ಬಡತನ, ಒಂಟಿತನ, ಬಿಳಿಯರ ಆಶ್ರಯದ ಋಣ ಎಂದು ಕೆಲವರು. ದೈವಕೃಪೆ ಎಂದು ಕೆಲವರು. ಅವರು ತಾವೇ 1907ರಲ್ಲಿ ಬರೆದ ಅನುಭವ ಕಥನದಲ್ಲಿ ಒಂದು ಭೇಟಿಯನ್ನು ಹೇಳುತ್ತಾರೆ. ಲಂಡನ್ನಿನ ಫುಲ್ಹಮ್ ಎಂಬಲ್ಲಿ ಆ ಕ್ರೈಸ್ತ ಸಹೋದರಿಯರು ಒಂದು ಮನೆ ನಡೆಸುತ್ತಿದ್ದರು. ‘ಕೆಟ್ಟುಹೋದವರು’ ಎಂದು ಸಮಾಜ ಹೊರಗಟ್ಟಿದ ಹೆಂಗಸರ ಮನೆ. ಅಂಥವರ ಗಾಯ ತೊಳೆದು, ಪಕ್ಕದಲ್ಲಿ ಕೂತು ಊಟಮಾಡುವ ಕುಲೀನ ಹೆಂಗಸರನ್ನು ರಮಾಬಾಯಿ ಅದುವರೆಗೆ ಎಲ್ಲೂ ನೋಡಿರಲಿಲ್ಲ. ಅವರು ಓದಿದ್ದ ಧರ್ಮಶಾಸ್ತ್ರಗಳಲ್ಲಿ ಅಂಥವಳಿಗೆ ಶಿಕ್ಷೆಯಿತ್ತು, ಮನೆ ಇರಲಿಲ್ಲ. ಏಕೆ ಹೀಗೆ ಎಂದು ಕೇಳಿದರು. ಒಬ್ಬ ಸಹೋದರಿ ಯೇಸು ಬಾವಿಯ ಬಳಿ ಸಮಾರ್ಯದ ಹೆಂಗಸಿನೊಂದಿಗೆ ಮಾತನಾಡಿದ ಕಥೆಯನ್ನು ಓದಿ ಹೇಳಿದಳು. ತಂದೆ ಅರಮನೆಯಲ್ಲಿ ಕಂಡದ್ದು, ಮಗಳು ಫುಲ್ಹಮ್‌ನಲ್ಲಿ ಕಂಡದ್ದು, ಇವೆರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದರೆ ನನಗೆ ಮೈ ಜುಮ್ಮೆನ್ನುತ್ತದೆ.

ಹಾಗೆಂದು ಕ್ರೈಸ್ತಳಾದ ಮೇಲೆ ಹೇಳಿದ್ದಕ್ಕೆಲ್ಲ ತಲೆಯಾಡಿಸಿದವರಲ್ಲ ಆಕೆ. ಸಿಸ್ಟರ್ ಜೆರಾಲ್ಡೀನ್ ಅವರೊಂದಿಗೆ ನಡೆಸಿದ ಪತ್ರವ್ಯವಹಾರ 1977ರಲ್ಲಿ ಪುಸ್ತಕವಾಗಿ ಬಂದಿದೆ. ಓದಿದರೆ ಆ ಸಹೋದರಿಯ ಬಗ್ಗೆ ಕನಿಕರವೇ ಆಗುತ್ತದೆ! ರಮಾಬಾಯಿ ಮಾಂಸ ಮುಟ್ಟಲಿಲ್ಲ, ತಮ್ಮ ಸಸ್ಯಾಹಾರ ಬಿಡಲಿಲ್ಲ. ಶಿಲುಬೆಯ ಮೇಲೆ ಬರಹ ಇರಬೇಕೆಂದರೆ ಲ್ಯಾಟಿನ್ ಏಕೆ, ನಮ್ಮ ಸಂಸ್ಕೃತ ಏಕಾಗಬಾರದು ಎಂದು ಕೇಳಿದರು. ತ್ರಿಯೇಕ ದೇವರ ತತ್ವ ಮನಸ್ಸಿಗೊಪ್ಪುವವರೆಗೆ ಒಪ್ಪಲಾರೆನೆಂದರು. ಗಂಡಸರಿಗೆ ಪಾಠ ಹೇಳಬಾರದೆಂದು ಬಿಷಪ್ಪರು ಆಕ್ಷೇಪಿಸಿದಾಗ ನನ್ನ ದೇಶದಲ್ಲಿ ತುಂಬಿದ ಸಭೆಯಲ್ಲಿ ಮಾತನಾಡಿದವಳು ನಾನು ಎಂದು ತಿರುಗಿ ನಿಂತರು. ಬಾಲ್ಯದಲ್ಲಿ ತಂದೆಯ ಧರ್ಮಕ್ಕೆ ಕೇಳಿದ ಪ್ರಶ್ನೆಗಳನ್ನೇ ತಾನು ಆರಿಸಿಕೊಂಡ ಧರ್ಮಕ್ಕೂ ಕೇಳಿದರು. ಮನೆ ಬದಲಾಯಿಸಿದರೂ ನಾಲಿಗೆ ಬದಲಾಗಲಿಲ್ಲ. ಇನ್ನೂ ವಿಚಿತ್ರವೆಂದರೆ, ದೀಕ್ಷೆಯಾಗಿ ಏಳೆಂಟು ವರ್ಷಗಳಾದ ಮೇಲೆ, ತನಗೆ ಸಿಕ್ಕಿದ್ದು ಕ್ರೈಸ್ತ ಮತ, ಕ್ರಿಸ್ತ ಸಿಕ್ಕಿರಲಿಲ್ಲ ಎಂಬ ಅರ್ಥದ ಮಾತನ್ನು ಅವರೇ ಬರೆದುಕೊಂಡಿದ್ದಾರೆ. ಆಮೇಲೆ ಬಂದ ಒಳಗಿನ ತಿರುವನ್ನೇ ಅವರು ನಿಜವಾದ ಬದಲಾವಣೆ ಎಂದು ಎಣಿಸಿದರು. ಅಂದರೆ ಹೆಸರು ಬರೆಸಿಕೊಂಡ ದಿನವೇ ಬದುಕು ಬದಲಾಯಿತೆಂದು ಆಕೆಯೇ ಒಪ್ಪುವುದಿಲ್ಲ. ನಮ್ಮ ಸಮಾಜದ ಆ ಇಬ್ಬರೂ ದೀಕ್ಷಾಸ್ನಾನದ ಆ ಒಂದು ದಿನದ ಮೇಲೆಯೇ ನಿಂತು ವಾದ ಮಾಡುತ್ತಿದ್ದರು ಎನ್ನುವುದು ಈಗ ಸ್ವಾರಸ್ಯವಾಗಿ ಕಾಣುತ್ತದೆ.

ಇಷ್ಟು ಹೇಳಿ ಪುಸ್ತಕದ ಮಾತನ್ನು ಬಿಟ್ಟು ನಮ್ಮ ಮನೆಯ ಮಾತಿಗೆ ಬರುತ್ತೇನೆ.

ನಮ್ಮ ತಂದೆಯ ಸೋದರತ್ತೆ ಒಬ್ಬರಿದ್ದರು. ನಾವು ಮಕ್ಕಳು ಅವರನ್ನು ಮಡಿ ಅಜ್ಜಿ ಎನ್ನುತ್ತಿದ್ದೆವು. 1920ರಲ್ಲಿ, ಹನ್ನೆರಡನೆಯ ವಯಸ್ಸಿಗೆ, ಮುಖವನ್ನೂ ಸರಿಯಾಗಿ ನೋಡಿರದ ಗಂಡ ತೀರಿಕೊಂಡ. ತಲೆ ತೆಗೆಸಿ ಕೆಂಪು ಸೀರೆ ಉಡಿಸಿದರು. ಅರವತ್ತಮೂರು ವರ್ಷ ಆ ಸೀರೆಯಲ್ಲೇ ಬದುಕಿ 1983ರಲ್ಲಿ ಹೋದರು. ನಾನಾಗ ಏಳನೆಯ ತರಗತಿಯಲ್ಲಿದ್ದೆ. ಮುಂಜಾನೆ ನಾಲ್ಕಕ್ಕೆ ತಣ್ಣೀರು, ಒಪ್ಪೊತ್ತು ಊಟ, ಮದುವೆ ಮುಂಜಿಗಳಲ್ಲಿ ಒಲೆಯ ಮುಂದೆ ರಾಶಿ ಕೆಲಸ, ಹಸೆಮಣೆಯ ಹತ್ತಿರ ಸುಳಿಯುವಂತಿಲ್ಲ. ಯಾರೂ ಅವರನ್ನು ಬೈಯಲಿಲ್ಲ, ಹೊಡೆಯಲಿಲ್ಲ. ನಮ್ಮದು ಒಳ್ಳೆಯ ಮನೆ. ‘ನಿನಗೇನು ಬೇಕು?’ ಎಂದು ಮಾತ್ರ ಅರವತ್ತಮೂರು ವರ್ಷದಲ್ಲಿ ಯಾರೂ ಕೇಳಿದ್ದು ನಾನು ಕೇಳಿಲ್ಲ. ಅಕ್ಷರ ಬರುತ್ತಿರಲಿಲ್ಲ. ಆಕಾಶವಾಣಿಯ ನಾಟಕ ಬರುವ ಹೊತ್ತಿಗೆ ಅಡಿಗೆಮನೆಯ ಬಾಗಿಲ ಒಳಗೆ, ಮಡಿ ಕೆಡದಷ್ಟು ದೂರದಲ್ಲಿ, ಗೋಡೆಗೆ ಕಿವಿಯಿಟ್ಟು ಕೂರುತ್ತಿದ್ದರು.

1920ರಲ್ಲಿ ಪಂಡಿತಾ ರಮಾಬಾಯಿ ಇನ್ನೂ ಬದುಕಿದ್ದರು. ಪುಣೆಯ ಹತ್ತಿರದ ಕೇಡಗಾಂವ್‌ನಲ್ಲಿ ಅವರ ಮುಕ್ತಿ ಸದನದ ಬಾಗಿಲು ತೆರೆದೇ ಇತ್ತು. ನನ್ನನ್ನು ಕಾಡುವ ಪ್ರಶ್ನೆ ಇದು. ಆ ದಿನಗಳಲ್ಲಿ ಯಾರಾದರೂ ನಮ್ಮ ಮುತ್ತಜ್ಜನ ಮನೆಗೆ ಬಂದು, “ಈ ಮಗುವನ್ನು ಕಳಿಸಿಕೊಡಿ, ಓದು ಕಲಿಸುತ್ತೇವೆ, ಕೆಲಸ ಕಲಿಸುತ್ತೇವೆ, ತಲೆಗೂದಲು ಬೆಳೆಯಲು ಬಿಡುತ್ತೇವೆ. ಬಹುಶಃ ಇವಳು ಕ್ರೈಸ್ತಳಾಗಬಹುದು” ಎಂದು ಕೇಳಿದ್ದರೆ? ಮುತ್ತಜ್ಜ ಬಾಗಿಲು ಹಾಕುತ್ತಿದ್ದರೆಂಬುದರಲ್ಲಿ ಸಂದೇಹವಿಲ್ಲ. ಅವರನ್ನು ನಾನು ದೂಷಿಸುತ್ತಿಲ್ಲ. ಆದರೆ ಇಂದು ಜಯನಗರದ ನನ್ನ ಮನೆಯಲ್ಲಿ, ದೇವರ ಮುಂದೆ ದೀಪ ಹಚ್ಚಿಟ್ಟು ಕೂತು ಯೋಚಿಸಿದರೆ, ಮಡಿ ಅಜ್ಜಿ ಹೋಗಿಬಿಡಬೇಕಾಗಿತ್ತು ಎನ್ನಿಸುತ್ತದೆ. ಈ ಮಾತು ಬರೆಯಲು ಕೈ ತಡೆಯುತ್ತದೆ, ಆದರೂ ಬರೆಯುತ್ತೇನೆ. ನನ್ನ ಧರ್ಮ ನನಗೆ ಬೇಕು. ಅದನ್ನು ಉಳಿಸಲು ಆ ಹನ್ನೆರಡು ವರ್ಷದ ಹುಡುಗಿಯ ಅರವತ್ತಮೂರು ವರ್ಷ ಬೆಲೆ ತೆರಬೇಕಾಗಿತ್ತೆಂದರೆ ನಾನು ಒಪ್ಪಲಾರೆ.

ಆದರೂ ಲೆಕ್ಕ ಇಷ್ಟಕ್ಕೇ ಮುಗಿಯುವುದಿಲ್ಲ. 1889ರ ಮಾರ್ಚ್ 11ರಂದು ಮುಂಬಯಿಯಲ್ಲಿ ಶಾರದಾ ಸದನ ತೆರೆದಾಗ ರಮಾಬಾಯಿ ಅಲ್ಲಿ ಮತಪ್ರಚಾರ ನಡೆಯದೆಂದು ಮಾತು ಕೊಟ್ಟಿದ್ದರು. ಆ ಮಾತಿನ ಮೇಲೆಯೇ ನ್ಯಾಯಮೂರ್ತಿ ರಾನಡೆ, ಭಂಡಾರಕರ್ ಅವರಂಥವರು ಸಲಹಾ ಸಮಿತಿಯಲ್ಲಿ ಕೂತರು. ಮರುವರ್ಷ ಸದನ ಪುಣೆಗೆ ಬಂತು. ರಮಾಬಾಯಿ ತಮ್ಮ ಕೋಣೆಯಲ್ಲಿ ಪ್ರಾರ್ಥನೆ ಮಾಡುವಾಗ ಬಾಗಿಲು ಹಾಕಿಕೊಳ್ಳುತ್ತಿರಲಿಲ್ಲ. ಹುಡುಗಿಯರು ಬಂದು ಕೂರತೊಡಗಿದರು. ‘ಕೇಸರಿ’ ಪತ್ರಿಕೆ ಕೆಂಡ ಕಾರಿತು. 1893ರಲ್ಲಿ ಸಮಿತಿಯವರು ರಾಜೀನಾಮೆ ಕೊಟ್ಟರು, ಎಷ್ಟೋ ಮನೆಯವರು ಹುಡುಗಿಯರನ್ನು ಬಿಡಿಸಿಕೊಂಡು ಹೋದರು. ನಾನು ಶಿಕ್ಷಕಿಯಾಗಿ ಹೇಳುವುದಾದರೆ ರಾನಡೆಯವರ ಅಸಮಾಧಾನದಲ್ಲಿ ನ್ಯಾಯವಿದೆ. ಮಕ್ಕಳಿಗೆ ಪ್ರೀತಿಯ ಟೀಚರ್ ಮಾಡುವುದೆಲ್ಲ ಪಾಠವೇ. ನಾನು ಹೂ ಮುಡಿದ ದಿನ ಹುಡುಗಿಯರು ಹೂ ಮುಡಿದು ಬರುತ್ತಾರೆ. ತೆರೆದ ಬಾಗಿಲೂ ಒಂದು ಬಗೆಯ ಕರೆಯೇ ಹೌದು. ಆದರೆ ಬಾಗಿಲು ಮುಚ್ಚಿಕೊಂಡು ದೇವರನ್ನು ನೆನೆಯಬೇಕೆಂದು ಆಕೆಗೆ ಹೇಳುವ ಅಧಿಕಾರ ಯಾರಿಗಿತ್ತು? ಹೊರಗಿನ ಬಾಗಿಲುಗಳನ್ನೆಲ್ಲ ಆ ಹುಡುಗಿಯರಿಗೆ ಮುಚ್ಚಿದವರಿಗೆ ಈ ಒಂದು ತೆರೆದ ಬಾಗಿಲು ಅಷ್ಟು ದೊಡ್ಡದಾಗಿ ಕಂಡದ್ದು ನನಗೆ ಸೋಜಿಗ.

1896–97ರ ಬರದಲ್ಲಿ ಆಕೆ ಮಧ್ಯಪ್ರಾಂತಗಳಿಗೆ ಹೋಗಿ ಹಸಿದ ಹೆಣ್ಣುಮಕ್ಕಳನ್ನು ಗುಂಪುಗುಂಪಾಗಿ ಕರೆತಂದರು. 1900ರ ಬರದಲ್ಲಿ ಗುಜರಾತಿನಿಂದಲೂ ಕರೆತಂದರು. ಮುಕ್ತಿಯಲ್ಲಿ ಸುಮಾರು ಎರಡು ಸಾವಿರ ಜನರಾದರು. ಬಸಿರಾಗಿ ಬೀದಿಪಾಲಾದವರಿಗೆ ಕೃಪಾ ಸದನ, ಮುದುಕಿಯರಿಗೆ ಪ್ರೀತಿ ಸದನ, ಕುರುಡರಿಗೆ ಬ್ರೈಲ್ ಪಾಠ. ನೇಯ್ಗೆ, ಹೈನು, ಹೊಲಿಗೆ, ಎಣ್ಣೆಗಾಣ, ಅಚ್ಚುಕೂಟ. ಎಲ್ಲದರಲ್ಲೂ ಹೆಂಗಸರೇ. ರಾಯಚೂರಿನ ಆ ಸಜ್ಜೆ ರೊಟ್ಟಿಯ ತುಂಡನ್ನು ಆಕೆ ಮರೆತಿರಲಿಲ್ಲ. ಅಲ್ಲಿದ್ದವರಲ್ಲಿ ಬಹುಮಂದಿ ಕ್ರೈಸ್ತರಾದರು. ಅನ್ನ ಕೊಟ್ಟ ಕೈಯನ್ನು ನೋಡಿ ಅವರು ದೇವರನ್ನು ಆರಿಸಿಕೊಂಡರೋ, ಅಥವಾ ಆರಿಸುವುದಕ್ಕೆ ಅವರಿಗೆ ಬೇರೇನಿತ್ತೋ? ಈ ಆಕ್ಷೇಪ ನ್ಯಾಯವಾದದ್ದೇ. ಹಸಿದವರ ‘ಹೂಂ’ ಪೂರ್ತಿ ‘ಹೂಂ’ ಅಲ್ಲ. ಆದರೆ ಅದೇ ಅಳತೆಗೋಲನ್ನು ಮಡಿ ಅಜ್ಜಿಯ ಕೆಂಪು ಸೀರೆಗೂ ಹಿಡಿಯಬೇಕಾಗುತ್ತದೆ. ಅಲ್ಲಿಯೂ ‘ಹೂಂ’ ಎಂದವರಾರು?

ಈ ಬದುಕನ್ನು ಮೇಲ್ಪಂಕ್ತಿಯಾಗಿ ನೋಡಿದ ಒಬ್ಬಾಕೆಯ ವಿಷಯ ಮಾತ್ರ ನನಗೆ ಬಹಳ ಇಷ್ಟ. ಗೋದೂಬಾಯಿ ಎಂಬ ಬಾಲವಿಧವೆ, ಶಾರದಾ ಸದನದ ಮೊದಮೊದಲ ವಿದ್ಯಾರ್ಥಿನಿಯರಲ್ಲಿ ಒಬ್ಬರು. ರಮಾಬಾಯಿಯ ನೆರಳಿನಲ್ಲೇ ಓದಿದರು. ಕ್ರೈಸ್ತರಾಗಲಿಲ್ಲ. 1893ರಲ್ಲಿ ಧೋಂಡೋ ಕೇಶವ ಕರ್ವೆಯವರನ್ನು ಮದುವೆಯಾಗಿ ಆನಂದೀಬಾಯಿ ಕರ್ವೆ ಎನ್ನಿಸಿಕೊಂಡರು. ಊರು ಬಹಿಷ್ಕಾರ ಹಾಕಿತು. ಕರ್ವೆಯವರು 1896ರಲ್ಲಿ ವಿಧವೆಯರಿಗಾಗಿ ಆಶ್ರಮ ತೆರೆದರು, 1916ರಲ್ಲಿ ಮಹಿಳಾ ವಿಶ್ವವಿದ್ಯಾಲಯ ಕಟ್ಟಿದರು. 1958ರಲ್ಲಿ ಅವರಿಗೆ ಭಾರತರತ್ನ ಬಂತು. ಗೋದೂಬಾಯಿ ಮೇಲಿನ ಸಾಲನ್ನು ಅಕ್ಷರಕ್ಷರ ಎತ್ತಿ ಬರೆಯಲಿಲ್ಲ. ಅದರ ಪಕ್ಕದಲ್ಲೇ ತನ್ನದೊಂದು ಸಾಲು ಬರೆದರು. ಸಭೆಯ ದಿನ ಇದನ್ನು ಹೇಳಿದಾಗ ರಾಗಿಗುಡ್ಡದ ಸ್ನೇಹಿತೆ, “ಹಾಗಾದರೆ ಮತ ಬಿಡದೇನೂ ಆಗುತ್ತಿತ್ತಲ್ಲ!” ಎಂದು ಗೆಲುವಾದರು. ನರ್ಸಮ್ಮ ನಗುತ್ತಾ, “ಆ ಮನೆ ತೆರೆದವರು ಮತ ಬಿಟ್ಟವರೇ ಅಲ್ಲವಾ?” ಎಂದರು. ಇಬ್ಬರೂ ಇಂದಿಗೂ ಒಂದೇ ಬೆಂಚಿನಲ್ಲಿ ಕೂರುತ್ತಾರೆ, ಇಂದಿಗೂ ಈ ಜಗಳ ಮುಗಿದಿಲ್ಲ.

ದೊಡ್ಡವರ ಮಾತಾಯಿತು. ಬದಲಾದ ಬದುಕನ್ನು ದಿನವೂ ಹತ್ತಿರದಿಂದ ನೋಡಬೇಕಾದರೆ ನನಗೆ ಸಿಗುವುದು ನಮ್ಮ ಮನೆಗೆಲಸಕ್ಕೆ ಬರುವಾಕೆಯ ಸಂಸಾರ. ಕನಕಪುರದ ಕಡೆಯವಳು, ಬಿ.ಟಿ.ಎಂ. ಬಡಾವಣೆಯ ಅಂಚಿನಲ್ಲಿ ಒಂದು ಶೀಟಿನ ಮನೆ. ಗಂಡ ಗಾರೆ ಕೆಲಸದವನು. ಕುಡಿತ, ಹೊಡೆತ ಎಲ್ಲ ಇತ್ತು. ಎಷ್ಟೋ ಬೆಳಗ್ಗೆ ಕೆನ್ನೆ ಊದಿಸಿಕೊಂಡೇ ಬಂದು ಪಾತ್ರೆ ತೊಳೆದು ಹೋಗಿದ್ದಾಳೆ. ಆರು ವರ್ಷದ ಕೆಳಗೆ ಅವನು ಯಾರದೋ ಜೊತೆ ಪ್ರಾರ್ಥನೆಗೆ ಹೋಗತೊಡಗಿದ. ಕುಡಿತ ನಿಂತಿತು. ‘ಇನ್ನೆಷ್ಟು ದಿನ, ಯುಗಾದಿ ಬರಲಿ’ ಎಂದಳು ಪಕ್ಕದ ಮನೆಯಾಕೆ. ಯುಗಾದಿ ಬಂತು, ಹೋಯಿತು. ಆರು ಯುಗಾದಿ ಹೋದವು. ಶನಿವಾರದ ಬಟವಾಡೆ ಮನೆಗೆ ಬರುತ್ತದೆ. ಮಗಳು ಹತ್ತನೆಯ ತರಗತಿಗೆ ಬಂದಿದ್ದಾಳೆ. ವಠಾರದ ಇತರ ಗಂಡಸರು ಅವನನ್ನು ನೋಡಿ ಬದಲಾದರೇ ಎಂದರೆ, ಇಲ್ಲ. ಆದರೆ ಹೆಂಗಸರು ತಮ್ಮ ಗಂಡಂದಿರಿಗೆ ಅವನನ್ನು ತೋರಿಸಿ ಬೈಯುವುದಕ್ಕೆ ಅನುಕೂಲವಾಗಿದೆಯಂತೆ.

ಬದಲಾವಣೆಯಿಂದ ನಷ್ಟವೂ ಆಗಿದೆ. ಅವಳು ಮಾರಮ್ಮನ ಒಕ್ಕಲು. ಊರ ಹಬ್ಬದಲ್ಲಿ ತಂಬಿಟ್ಟಿನ ಆರತಿ ಹೊರುವುದು ಅವಳ ತವರಿನ ಹಕ್ಕು. ಮೊದಲ ಎರಡು ವರ್ಷ ಅವನು ಹೋಗಕೂಡದೆಂದ. ಅವಳು ಹೋಗಲಿಲ್ಲ. “ಹೊಡೀತಿದ್ದಾಗ ಹಬ್ಬಕ್ಕೆ ಬಿಡ್ತಿದ್ದ ಟೀಚರಮ್ಮ, ಈಗ ಒಳ್ಳೇವ್ನಾಗಿ ಬಿಡ್ತಿಲ್ಲ. ಯಾವುದಕ್ಕೆ ಅಳ್ಳಿ?” ಎಂದಳು ಒಮ್ಮೆ. ನನಗೆ ಉತ್ತರ ಹೊಳೆಯಲಿಲ್ಲ. ಅವನು ಹೋಗುವ ಪ್ರಾರ್ಥನೆಗೆ ಅವಳು ಒಂದೆರಡು ಸಲ ಹೋಗಿ ಕೂತು ಬಂದಳು. ಹಾಡು ಚೆನ್ನಾಗಿದೆ, ನನಗೆ ನಮ್ಮಮ್ಮನೇ ಸಾಕು ಎಂದಳು.

ಈ ವರ್ಷ ಹಬ್ಬಕ್ಕೆ ಮೂರು ದಿನ ರಜೆ ಕೇಳಿದಳು. ಆಶ್ಚರ್ಯವಾಗಿ, “ಬಿಟ್ಟನೇನೇ?” ಎಂದೆ.

“ಹೋಗ್ ಬಾ ಅಂದ, ಟೀಚರಮ್ಮ. ಬಸ್ ಚಾರ್ಜಿಗೂ ಅವನೇ ಕೊಟ್ಟ. ಮಗೀಗೆ ಪರೀಕ್ಷೆ ಐತಲ್ಲ, ಅವಳಿಗೆ ಅನ್ನ ಸಾರು ನಾನು ಮಾಡ್ಕೊಡ್ತೀನಿ ಅಂದ.” ಸೆರಗಿನಿಂದ ಕೈ ಒರೆಸಿಕೊಂಡು ಸ್ವಲ್ಪ ನಾಚಿದಳು. “ತಂಬಿಟ್ಟು ಮಾತ್ರ ನನಗೆ ತರ್ಬೇಡ ಅಂದ. ಅದನ್ನ ನಿಮಗೆ ತಂದುಕೊಡ್ತೀನಿ.”